ಕಟಕಟ ಅನ್ನುವ ಮುಂದಿನ ಚಕ್ರ

(ಶಾರ್ಜಾದಲ್ಲಿ ನಡೆದ ನಮ್ಮ ವಾರ್ಷಿಕ ಸಭೆಯಲ್ಲಿ ಆಡಿದ ಮಾತು)

ನಾನು ಭಾಷಣಕಾರ ಅಲ್ಲ. ಇಲ್ಲಿನ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜಿನಲ್ಲಿ 14 ವರ್ಷದಿಂದ ಸ್ಪ್ಯಾನರ್ ಹಿಡಿದವನು. "ಹಳೇ ಕಾರಿನ ಬಗ್ಗೆ ನಾಲ್ಕು ಮಾತು ಹೇಳಪ್ಪ" ಅಂತ ಹಿರಿಯರು ಹೇಳಿದ್ದಕ್ಕೆ ನಿಂತಿದ್ದೇನೆ. ಮೊದಲು ನನ್ನದೇ ತಪ್ಪು ಹೇಳಿಬಿಡ್ತೇನೆ.

ನನ್ನದು 2007ರ ಕೊರೊಲಾ. ಹಂಪ್ ಹತ್ತಿದಾಗಲೆಲ್ಲ ಮುಂದಿನ ಎಡಗಡೆಯಿಂದ ಕಟಕಟ ಶಬ್ದ. ಬಾಲ್ ಜಾಯಿಂಟ್ ಸವೆದಿದೆ ಅಂತ ನನಗೆ ಗೊತ್ತಿತ್ತು. ಆದರೆ ಒಂದು ತಿಂಗಳು ಮಗಳ ಫೀಸು, ಇನ್ನೊಂದು ತಿಂಗಳು ಅಮ್ಮನ ಔಷಧಿ. ಸಂಬಳ ಬರಲಿ ನೋಡೋಣ ಅಂತ ಮೂರು ತಿಂಗಳು ತಳ್ಳಿದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಹಾಗೆ.

ಒಂದು ರಾತ್ರಿ ಐದು ಜನ ದುಬೈಯಿಂದ ವಾಪಸ್ ಬರ್ತಿದ್ವಿ. ರೂಮಿನ ಹತ್ತಿರ ನಿಧಾನವಾಗಿ ತಿರುಗಿಸುವಾಗ ಧಡ್ ಅಂತು. ಚಕ್ರ ಮಡಚಿಕೊಂಡು, ಕಾರಿನ ಮೂಗು ಒಂದು ಕಡೆಗೆ ಕುಸಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ 20 ನಿಮಿಷದ ಹಿಂದೆ ಅದೇ ಚಕ್ರ ಹೆದ್ದಾರಿಯಲ್ಲಿ 100ರ ವೇಗದಲ್ಲಿತ್ತು. ಹಿಂದೆ ಕೂತಿದ್ದ ಹುಡುಗ ಊರಿಂದ ಬಂದು ಎರಡೇ ತಿಂಗಳು. "ಅಣ್ಣಾ, ಇದು ಮೊದಲೇ ಗೊತ್ತಾಗಲ್ವಾ?" ಅಂತ ಕೇಳಿದ. ನನ್ನ ಬಾಯಲ್ಲಿ ಮಾತು ಬರಲಿಲ್ಲ.

ಗೊತ್ತಾಗುತ್ತೆ ಬಂಧುಗಳೇ. ಬಾಲ್ ಜಾಯಿಂಟಿಗೆ ಒಂದು ರಬ್ಬರ್ ಟೋಪಿ ಇರುತ್ತೆ. ಇಲ್ಲಿನ ಬಿಸಿಲಿಗೆ ಅದು ಒಣಗಿ ಬಿರಿಯುತ್ತೆ. ಒಳಗಿನ ಗ್ರೀಸು ಹೊರಗೆ, ಹೊರಗಿನ ಮರಳು ಒಳಗೆ. ಆಮೇಲೆ ಸವೆತ ಬೇಗ. ಚಕ್ರ ಎತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಅಲ್ಲಾಡಿದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ನೋಡಿ. ಆಟ ನಿಂತರೆ ಬೇರಿಂಗ್ ಕಡೆ ಸಂಶಯ, ನಿಲ್ಲದಿದ್ದರೆ ಬಾಲ್ ಜಾಯಿಂಟ್ ಕಡೆ. ಎಡ-ಬಲ ಹಿಡಿದಾಗ ಅಲ್ಲಾಡಿದರೆ ಟೈ ರಾಡ್ ಎಂಡ್ ನೋಡಿ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಮಾತ್ರ ಹೋಗಬೇಡಿ, ಸ್ಟ್ಯಾಂಡ್ ಇಡಿ.

ಗ್ಯಾರೇಜಿನವರು ಉದ್ದದ ಪಟ್ಟಿ ಕೊಡ್ತಾರೆ, ನಮ್ಮ ಜೇಬು ಅಷ್ಟು ಉದ್ದ ಇರಲ್ಲ. ಹಾಗಾಗಿ ಇದನ್ನು ನೆನಪಿಡಿ: ಲಿಂಕ್ ರಾಡ್ ಶಬ್ದ ಜಾಸ್ತಿ ಮಾಡುತ್ತೆ, ಆದರೆ ಸ್ವಲ್ಪ ದಿನ ಕಾಯುತ್ತೆ. ಲೋವರ್ ಆರ್ಮ್ ಬುಶ್ ಸ್ವಲ್ಪ ಬಿರಿದಿದ್ದರೆ ಮುಂದಿನ ಸಂಬಳಕ್ಕೆ ಮಾಡಿಸಿ. ಆಟ ಬಂದ ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಎರಡೂ ಕಾಯಲ್ಲ. ಇವೆರಡನ್ನು ಸ್ಕ್ರ್ಯಾಪಿನಿಂದ ತರಬೇಡಿ, ಹೊಸದೇ ಹಾಕಿಸಿ. ಒಂದು ಕಡೆ ಹೋಗಿದ್ದರೆ ಇನ್ನೊಂದು ಕಡೆಯದೂ ಅಷ್ಟೇ ಓಡಿದೆ, ಅದನ್ನೂ ನೋಡಿಸಿ.

ಕೆಲಸ ನಡೆಯುವಾಗ ಪಕ್ಕದಲ್ಲೇ ನಿಲ್ಲಿ. ಹಳೇ ಸ್ಪ್ಲಿಟ್ ಪಿನ್ ಮತ್ತೆ ಹಾಕಬಾರದು. ಬುಶ್ ಇರುವ ಬೋಲ್ಟನ್ನು ಕೊನೆಗೆ ಬಿಗಿ ಮಾಡುವುದು ಕಾರಿನ ಭಾರ ಚಕ್ರದ ಮೇಲೆ ಬಂದ ಮೇಲೆ. ಗಾಳಿಯಲ್ಲಿ ತೂಗುತ್ತಿರುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತೆ. ಟೈ ರಾಡ್ ಎಂಡ್ ತೆಗೆಯುವಾಗ ಎಷ್ಟು ಸುತ್ತು ಬಂತು ಅಂತ ಎಣಿಸಿಕೊಂಡರೆ ಹೊಸದನ್ನು ಹೆಚ್ಚುಕಡಿಮೆ ಅದೇ ಜಾಗಕ್ಕೆ ಕೂರಿಸಬಹುದು. ಆದರೂ ಅಲೈನ್‌ಮೆಂಟ್ ಬಿಡಬೇಡಿ. ಅಲ್ಲಿ ಉಳಿಸಿದ ದುಡ್ಡನ್ನು ಟೈರು ತಿಂದುಹಾಕುತ್ತೆ.

"ಪಾಸಿಂಗ್ ಆಗಿದೆಯಲ್ಲ" ಅಂತೀರಿ. ನನ್ನ ಕಾರೂ ಎಂಟು ತಿಂಗಳ ಹಿಂದೆ ಪಾಸ್ ಆಗಿತ್ತು. ಪಾಸ್ ಅಂದ್ರೆ ಆ ದಿನ ಸರಿ ಇತ್ತು ಅಂತ, ಅಷ್ಟೇ.

ಮರುದಿನ ಸಾಲ ಮಾಡಿ ಎರಡೂ ಕಡೆಗೆ ಹೊಸ ಬಾಲ್ ಜಾಯಿಂಟ್ ತಂದೆ. ಆ ಹುಡುಗನೇ ಲೈಟ್ ಹಿಡಿದ. ಊರಿಗೆ ದುಡ್ಡು ಕಳಿಸೋದು ಒಂದು ವಾರ ತಡವಾದರೆ ಮನೆಯವರು ತಡೆದುಕೊಳ್ತಾರೆ. ನಮಗೇನಾದರೂ ಆದರೆ ತಡೆದುಕೊಳ್ಳೋದು ಕಷ್ಟ.

ನಿಮ್ಮ ಕಾರಲ್ಲೂ ಕಟಕಟ ಕೇಳ್ತಿದ್ದರೆ ಈಗ ಊಟಕ್ಕೆ ಮುಂಚೆ ಪಾರ್ಕಿಂಗಿಗೆ ಬನ್ನಿ. ಜಾಕು, ಸ್ಟ್ಯಾಂಡು ಎರಡೂ ತಂದಿದ್ದೇನೆ. ಅಲ್ಲಾಡಿಸಿ ನೋಡೋಕೆ ದುಡ್ಡು ತಗೊಳ್ಳಲ್ಲ.