ಹೊಸ ಶ್ವಾಸಕೋಶವೂ ರಕ್ತದ ಕೊಬ್ಬೂ
(ಪಾರ್ಕ್ ಸ್ಟ್ರೀಟಿನ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ನಾಡು ನುಡಿಗಳನ್ನು ಬಿಟ್ಟು ಕೊಲೆಸ್ಟರಾಲಿನ ಮಾತೇಕೆಂದು ತಾವು ಕೇಳಬಹುದು. ಅದರಲ್ಲಿಯೂ ಪಾರ್ಕ್ ಸ್ಟ್ರೀಟಿನಲ್ಲಿ! 1927ರಲ್ಲಿ ಆರಂಭವಾದ ಫ್ಲೂರೀಸ್ ಈ ಬೀದಿಯಲ್ಲೇ ಇದೆ. ಸಭೆ ಮುಗಿದೊಡನೆ ತಮ್ಮಲ್ಲನೇಕರ ದಾರಿ ಯಾವ ಕಡೆಗೆಂಬುದನ್ನು ನಾವು ಬಲ್ಲೆವು. ಆದರೆ ಇದೇ ಬೀದಿಯ ಒಂದನೆಯ ನಂಬರಿನಲ್ಲಿ, 1784ರಲ್ಲಿ ಸ್ಥಾಪಿತವಾದ ಏಷ್ಯಾಟಿಕ್ ಸೊಸೈಟಿಯೂ ಇದೆ. ಆ ಧೈರ್ಯದಿಂದ ಮಾತು ತೊಡಗುತ್ತೇವೆ.

2021ರ ಸೆಪ್ಟೆಂಬರಿನಲ್ಲಿ, ಗುಜರಾತಿನಿಂದ ತಂದ ಶ್ವಾಸಕೋಶವನ್ನು ಈ ಕಲ್ಕತ್ತೆಯಲ್ಲಿಯೇ ರೋಗಿಯೊಬ್ಬರಿಗೆ ಕಸಿ ಮಾಡಿದರು. ಹೀಗಾಗಿ ಇದು ದೂರದ ವಿಲಾಯತಿಯ ಸುದ್ದಿಯಾಗಿ ಉಳಿದಿಲ್ಲ. ಮೊದಲು ಈ ಕಸಿ ನಡೆದದ್ದು 1963ರಲ್ಲಿ, ಅಮೆರಿಕದ ಮಿಸಿಸಿಪಿಯಲ್ಲಿ. ಮಾಡಿದವರು ಜೇಮ್ಸ್ ಹಾರ್ಡಿ. ಆ ರೋಗಿ ಬದುಕಿದ್ದು 18 ದಿನ. ಮುಂದೆ ಇಪ್ಪತ್ತು ವರ್ಷ ನಿರಾಶೆಯೇ ಹೆಚ್ಚು. 1983ರಲ್ಲಿ ಟೊರಾಂಟೊ ನಗರದಲ್ಲಿ ಜೋಯೆಲ್ ಕೂಪರರ ತಂಡ ಮಾಡಿದ ಕಸಿ ಫಲಿಸಿತು. ಅಷ್ಟರಲ್ಲಿ ಸೈಕ್ಲೋಸ್ಪೋರಿನ್ ಎಂಬ ಔಷಧ ಬಂದಿತ್ತು. ಪರರ ಅಂಗವನ್ನು ನಮ್ಮ ದೇಹ ಶತ್ರುವೆಂದು ಬಗೆದು ಹೊರದೂಡುತ್ತದೆ. ಆ ಕಾವಲುಗಾರನನ್ನು ತುಸು ಮಂಪರಿನಲ್ಲಿಡುವುದೇ ಈ ಮದ್ದಿನ ಕೆಲಸ.

ಆದರೆ ಮದ್ದಿಗೊಂದು ಸುಂಕ ಉಂಟು. ಸೈಕ್ಲೋಸ್ಪೋರಿನ್ ರಕ್ತದ ಕೊಲೆಸ್ಟರಾಲನ್ನು ಏರಿಸುತ್ತದೆ. ಜೊತೆಗೆ ಕೊಡುವ ಪ್ರೆಡ್ನಿಸೋಲೋನ್ ಕೊಬ್ಬನ್ನೂ ಸಕ್ಕರೆಯನ್ನೂ ಏರಿಸುತ್ತದೆ. ಈಗ ಹೆಚ್ಚು ಬಳಕೆಯಲ್ಲಿರುವ ಟ್ಯಾಕ್ರೋಲಿಮಸ್ ಈ ವಿಷಯದಲ್ಲಿ ಸ್ವಲ್ಪ ಸೌಮ್ಯ. ಬೇಡವೆಂದು ಇವನ್ನು ಬಿಡುವಂತಿಲ್ಲ. ಕಸಿಯಾದವರಲ್ಲಿ ಅರ್ಧದಷ್ಟು ಜನ ಆರೇಳು ವರ್ಷ ದಾಟುತ್ತಾರೆ. ದಾಟದವರನ್ನು ಮುಖ್ಯವಾಗಿ ಒಯ್ಯುವುದು ಸೋಂಕು ಮತ್ತು ಶ್ವಾಸನಾಳದ ಕಿರುಗವಲುಗಳು ಮೆಲ್ಲಮೆಲ್ಲನೆ ಮುಚ್ಚಿಹೋಗುವ ದೀರ್ಘ ತಿರಸ್ಕಾರ.

ಇಲ್ಲೊಂದು ಕುತೂಹಲದ ಸಂಗತಿ. ಕೊಲೆಸ್ಟರಾಲನ್ನು ಇಳಿಸುವ ಸ್ಟಾಟಿನ್ ಮಾತ್ರೆಗಳ ಮೂಲವನ್ನು ಜಪಾನಿನ ಅಕಿರಾ ಎಂಡೊ ಅವರು 1970ರ ದಶಕದಲ್ಲಿ ಕಂಡುಕೊಂಡದ್ದು ಒಂದು ಬೂಷ್ಟಿನಲ್ಲಿ. ಸೈಕ್ಲೋಸ್ಪೋರಿನ್ ಸಿಕ್ಕಿದ್ದೂ ನಾರ್ವೆಯ ಮಣ್ಣಿನ ಬೂಷ್ಟಿನಲ್ಲಿಯೇ. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿಯ ಮೇಲಿನ ಬೂಷ್ಟಿಗೆ ಬೈಯುವವರು ಇದನ್ನು ನೆನೆಯಬೇಕು! 2003ರಲ್ಲಿ ಪಿಟ್ಸ್‌ಬರ್ಗಿನ ವೈದ್ಯರು ತಮ್ಮಲ್ಲಿ ಶ್ವಾಸಕೋಶದ ಕಸಿ ಮಾಡಿಸಿಕೊಂಡವರ ಲೆಕ್ಕ ತೆಗೆದರು. ಸ್ಟಾಟಿನ್ ಸೇವಿಸಿದವರಲ್ಲಿ ಆರು ವರ್ಷ ಬದುಕಿದವರು ನೂರಕ್ಕೆ 91, ಸೇವಿಸದವರಲ್ಲಿ 54.

ಅಂತರ ಕಂಡು ಹಿಗ್ಗುವ ಮೊದಲು ಸ್ವಲ್ಪ ತಾಳಬೇಕು. ಸ್ಟಾಟಿನ್ ಪಡೆದವರು ಕೇವಲ 39 ಮಂದಿ. ಚೀಟಿ ಎತ್ತಿ ಹಂಚಿ ಕೊಟ್ಟ ಮದ್ದೂ ಅಲ್ಲ; ಕೊಲೆಸ್ಟರಾಲು ಏರಿದವರಿಗೆ ಕೊಟ್ಟದ್ದು. ಬಹಳ ಕಾಲ ಬದುಕಿದವರಿಗೆ ಮಾತ್ರೆ ಬರೆಸಿಕೊಳ್ಳಲು ಕಾಲವೂ ದೊರೆಯುತ್ತದೆ, ಅಲ್ಲವೇ? ಕೊಬ್ಬು ಇಳಿದುದರಿಂದ ಲಾಭವೋ, ಉರಿಯೂತವನ್ನು ತಗ್ಗಿಸುವ ಸ್ಟಾಟಿನ್ನಿನ ಬೇರೊಂದು ಗುಣದಿಂದಲೋ ಎಂಬುದನ್ನು ಆ ಲೆಕ್ಕ ಒಂದರಿಂದಲೇ ಬಿಡಿಸಲಾಗದು. ಕೊಲೆಸ್ಟರಾಲು ಕಡಮೆಯಿದ್ದಷ್ಟೂ ಆಯುಷ್ಯ ಎಂದು ಹೇಳುವುದು ನಮ್ಮ ಮಟ್ಟಿಗೆ ದುಡುಕು. ಶ್ವಾಸಕೋಶ ಕೆಟ್ಟವರು ಉಸಿರಾಡುವುದರಲ್ಲೇ ಸೊರಗಿರುತ್ತಾರೆ. ಕಸಿಗೆ ಮೊದಲು ತೀರ ಬಡಕಲಾದವರ ಗತಿ ಆಮೇಲೂ ಕಷ್ಟವೇ. ಅಂಥವರಿಗೆ ಕೊಬ್ಬಿನ ಹೆದರಿಕೆಯಿಂದ ಊಟ ತಗ್ಗಿಸುವ ಮನೆಯವರನ್ನು ಕಂಡರೆ ನಮಗೆ ಕಳವಳವಾಗುತ್ತದೆ.

ಇನ್ನು ಗೃಹಿಣಿಯರಿಗೆ ಒಂದು ಮಾತು. ನೆರೆಯವರಿಗೆ ಬರೆದುಕೊಟ್ಟ ಸ್ಟಾಟಿನ್ ಮಾತ್ರೆಯನ್ನು ಕಸಿಯಾದವರಿಗೆ ಕೊಡಕೂಡದು. ಸೈಕ್ಲೋಸ್ಪೋರಿನ್ನಿನೊಡನೆ ಸಿಮ್ವಾಸ್ಟಾಟಿನ್ ಸೇರಿದರೆ ಮಾಂಸಖಂಡಗಳು ಕರಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಯಾವುದು, ಎಷ್ಟು ಎಂಬುದನ್ನು ಕಸಿಯ ವೈದ್ಯರೇ ನಿರ್ಣಯಿಸಬೇಕು. ಹಾಗೆಯೇ ಹಣ್ಣು. ದೇವನಹಳ್ಳಿಯ ಚಕ್ಕೋತ ನಮಗೆಲ್ಲ ಪ್ರಿಯ; ಇಲ್ಲಿಯ ಬಂಗಾಳಿಗಳು ಅದನ್ನೇ ಬಾತಾಬಿ ಲೇಬು ಎನ್ನುತ್ತಾರೆ. ಔಷಧವನ್ನು ಒಡೆಯುವ ಕರುಳಿನ ಕಿಣ್ವವನ್ನು ಈ ಹಣ್ಣು ತಡೆಯುತ್ತದೆ. ಆಗ ರಕ್ತದಲ್ಲಿ ಸೈಕ್ಲೋಸ್ಪೋರಿನ್ ಮಿತಿಮೀರುತ್ತದೆ. ಒಳ್ಳೆಯ ಹಣ್ಣೆಂದು ಪ್ರೀತಿಯಿಂದ ಸುಲಿದು ಕೊಟ್ಟರೆ ಅದೇ ಮುಳುವು. ತುಪ್ಪ, ಪೇಡೆಗಳನ್ನು ರಕ್ತಪರೀಕ್ಷೆಯ ಅಂಕೆ ನೋಡಿಕೊಂಡು ಒಂದಿಷ್ಟು ಕೊಡಬಹುದು. ಚಕ್ಕೋತದ ವಿಷಯದಲ್ಲಿ ಒಂದು ತೊಳೆಯೂ ಬೇಡ.

ಊರಿಗೆ ಹೋಗುವಾಗಲೂ ಎಚ್ಚರ ಬೇಕು. ಹೌರಾದಿಂದ ಬೆಂಗಳೂರಿಗೆ ಒಂದು ಹಗಲು ಒಂದು ರಾತ್ರಿಗೂ ಮಿಕ್ಕ ದಾರಿ; ಹನ್ನೆರಡು ಗಂಟೆಗೊಮ್ಮೆ ನುಂಗುವ ಗುಳಿಗೆ ಗಾಡಿ ತಡವಾಯಿತೆಂದು ಕಾಯುವುದಿಲ್ಲ. ಅದನ್ನು ಸೀಟಿನಡಿಯ ಟ್ರಂಕಿನಲ್ಲಿಡದೆ ಕೈಚೀಲದಲ್ಲಿಡಿ. ಇತ್ತೀಚಿನ ರಕ್ತಪರೀಕ್ಷೆಯ ಕಾಗದವನ್ನೂ ಅದರೊಡನೆಯೇ ಮಡಚಿಡಿ. ಬೆಂಗಳೂರಿನ ವೈದ್ಯರು ಮೊದಲು ಕೇಳುವುದು ಅದನ್ನೇ.