ಸಣ್ಣ ಕಾಯಿಲೆ – ಯಾರಿಗೆ ಸಣ್ಣದು?



ಇವತ್ತು ನಾವು ಒಂದೇ ಒಂದು ಮಾತಿನ ಬಗ್ಗೆ ಮಾತಾಡೋಣ. ಆ ಮಾತು ಯಾವುದು? “ಏನೂ ಆಗಲ್ಲ ಬಿಡಿ, ಸಣ್ಣ ಕಾಯಿಲೆ.” ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಕೊರೊನಾ ಕಾಲದಲ್ಲಿ ಈ ಮಾತಿನ ಮೇಲೆ ಪ್ರಪಂಚದ ತುಂಬ ದೊಡ್ಡ ವಾದವೇ ನಡೆಯಿತು. ಆ ವಾದದಿಂದ ನಾವು ಕಲಿಯಬೇಕಾದದ್ದು ಇದೆ.

2021ರ ಏಪ್ರಿಲ್, ಮೇ ತಿಂಗಳು ನಿಮಗೆ ನೆನಪಿದೆ ಅಲ್ಲವೇ? ಆಗ ಬಂದದ್ದು ಡೆಲ್ಟಾ. ಮೇ ತಿಂಗಳಲ್ಲಿ ನಮ್ಮ ದೇಶದಲ್ಲಿ ಒಂದೇ ದಿನ 4 ಲಕ್ಷಕ್ಕೂ ಹೆಚ್ಚು ಜನಕ್ಕೆ ಸೋಂಕು ಅಂತ ಲೆಕ್ಕ ಬಂತು. ದಿನಕ್ಕೆ 4,000ಕ್ಕೂ ಹೆಚ್ಚು ಸಾವು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗಲಿಲ್ಲ. ಆಮ್ಲಜನಕ ಸಿಗಲಿಲ್ಲ. ಎಷ್ಟೋ ಮನೆಗಳ ದೀಪ ಆರಿಹೋಯಿತು.

ಆ ನೋವು ಮಾಯುವ ಮೊದಲೇ ಇನ್ನೊಂದು ಸುದ್ದಿ ಬಂತು. ಆಫ್ರಿಕಾ ಖಂಡದ ತೆಂಕಣ ತುದಿಯಲ್ಲಿ ಬೋಟ್ಸ್ವಾನಾ, ದಕ್ಷಿಣ ಆಫ್ರಿಕಾ ಎಂಬ ದೇಶಗಳಿವೆ. 2021ರ ನವೆಂಬರಿನಲ್ಲಿ ಅಲ್ಲಿನ ವಿಜ್ಞಾನಿಗಳು ವೈರಸ್ಸಿನ ಹೊಸ ರೂಪವನ್ನು ಕಂಡುಹಿಡಿದರು. ನವೆಂಬರ್ 26ರಂದು ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಓಮಿಕ್ರಾನ್ ಎಂದು ಹೆಸರಿಟ್ಟಿತು. ಇದನ್ನೇ ರೂಪಾಂತರಿ ಎನ್ನುತ್ತಾರೆ.

ರೂಪಾಂತರಿ ಹೇಗೆ ಹುಟ್ಟುತ್ತದೆ? ನೀವು ಒಂದು ಸಾಲನ್ನು ನೂರು ಸಲ ಬರೆಯಿರಿ. ಎಲ್ಲೋ ಒಂದು ಕಡೆ ಕೈ ತಪ್ಪುತ್ತದೆ. ‘ಹಳ್ಳಿ’ ಅಂತ ಬರೆಯಲು ಹೋಗಿ ‘ಹಲ್ಲಿ’ ಅಂತ ಬರೆದುಬಿಡುತ್ತೀರಿ. ಒಂದೇ ಅಕ್ಷರ ಬದಲಾಯಿತು, ಅರ್ಥವೇ ಬೇರೆ ಆಯಿತು! ವೈರಸ್ಸೂ ಹಾಗೆಯೇ. ಅದು ನಮ್ಮ ಮೈಯೊಳಗೆ ಹೊಕ್ಕು ತನ್ನ ನಕಲು ಮಾಡುತ್ತದೆ. ಒಂದು ಹತ್ತಾಗುತ್ತದೆ, ಹತ್ತು ಸಾವಿರವಾಗುತ್ತದೆ. ನಕಲು ಮಾಡುವಾಗ ತಪ್ಪುಗಳು ಆಗುತ್ತವೆ. ಬಹಳ ತಪ್ಪುಗಳಿಂದ ಏನೂ ಆಗುವುದಿಲ್ಲ. ಕೆಲವು ತಪ್ಪುಗಳಿಂದ ವೈರಸ್ಸಿಗೆ ಹೊಸ ಗುಣ ಬರುತ್ತದೆ. ವೈರಸ್ಸಿನ ಮೈಮೇಲೆ ಮುಳ್ಳುಗಳಿವೆ. ಆ ಮುಳ್ಳಿನಿಂದಲೇ ಅದು ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳುವುದು. ಓಮಿಕ್ರಾನಿನ ಮುಳ್ಳಿನಲ್ಲಿ 30ಕ್ಕೂ ಹೆಚ್ಚು ಬದಲಾವಣೆ ಆಗಿದ್ದವು. ಅದನ್ನು ಕಂಡು ವಿಜ್ಞಾನಿಗಳಿಗೆ ಚಿಂತೆ ಹತ್ತಿತು.

ಅಲ್ಲಿಂದ ವಾದ ಶುರುವಾಯಿತು. ಒಂದು ಕಡೆಯವರು, “ಇದು ಡೆಲ್ಟಾಗಿಂತ ಘೋರ. ಬಾಗಿಲು ಹಾಕಿ” ಎಂದರು. ಅನೇಕ ದೇಶಗಳು ಆಫ್ರಿಕಾದ ಆ ಭಾಗದಿಂದ ಬರುವ ವಿಮಾನಗಳನ್ನೇ ನಿಲ್ಲಿಸಿದವು. ದಕ್ಷಿಣ ಆಫ್ರಿಕಾ ನೊಂದುಕೊಂಡಿತು. ನಾವು ಬೇಗ ಕಂಡುಹಿಡಿದು ಎಲ್ಲರಿಗೂ ಹೇಳಿದೆವು, ಹೇಳಿದ್ದಕ್ಕೆ ನಮಗೇ ಶಿಕ್ಷೆಯೇ ಎಂದು ಕೇಳಿತು. ಈ ಪ್ರಶ್ನೆ ನ್ಯಾಯವಾದದ್ದೇ. ಊರಿಗೆ ಕಳ್ಳ ಬಂದ ಅಂತ ಕೂಗಿ ಎಬ್ಬಿಸಿದವರ ಮನೆಗೇ ಬಹಿಷ್ಕಾರ ಹಾಕಿದರೆ, ಮುಂದಿನ ಸಲ ಯಾರು ಕೂಗುತ್ತಾರೆ ಹೇಳಿ?

ಇನ್ನೊಂದು ಕಡೆಯವರು, “ಇದು ಬರೀ ನೆಗಡಿ” ಎಂದರು. ಇದಕ್ಕೂ ಆಧಾರ ಇತ್ತು. ದಕ್ಷಿಣ ಆಫ್ರಿಕಾದ ವೈದ್ಯೆ ಏಂಜೆಲಿಕ್ ಕೊಯೆಟ್ಜಿ ಅವರು ಮೊದಮೊದಲ ರೋಗಿಗಳನ್ನು ನೋಡಿದ್ದರು. ಸುಸ್ತು, ಮೈಕೈ ನೋವು, ತಲೆನೋವು, ಗಂಟಲು ಕೆರೆತ. ಇಷ್ಟೇ ಕಂಡಿತು ಎಂದು ಅವರು ಹೇಳಿದರು. ಆದರೆ ಅವರು ಇನ್ನೊಂದು ಮಾತನ್ನೂ ಹೇಳಿದ್ದರು. ತಮ್ಮ ಬಳಿ ಬಂದವರು ಹೆಚ್ಚಾಗಿ ಗಟ್ಟಿಮುಟ್ಟಾದ ಪ್ರಾಯದವರು, ಲಸಿಕೆ ಹಾಕಿಸಿಕೊಳ್ಳದ ವಯಸ್ಸಾದವರ ಬಗ್ಗೆ ಚಿಂತೆ ಇದೆ ಎಂದಿದ್ದರು. ಜನ ಮೊದಲ ಮಾತನ್ನು ಹಿಡಿದುಕೊಂಡರು. ಎರಡನೆಯ ಮಾತನ್ನು ಬಿಟ್ಟರು. ಬಾಯಿಂದ ಬಾಯಿಗೆ ಹೋಗುವಾಗ ಮಾತು ಹೀಗೇ ಅರ್ಧವಾಗುತ್ತದೆ.

ಓಮಿಕ್ರಾನ್ ನಮ್ಮ ದೇಶದಲ್ಲಿ ಮೊದಲು ಕಂಡದ್ದು ಎಲ್ಲಿ ಗೊತ್ತೇ? ನಮ್ಮ ಕರ್ನಾಟಕದಲ್ಲೇ. 2021ರ ಡಿಸೆಂಬರ್ 2ರಂದು ಬೆಂಗಳೂರಿನ ಇಬ್ಬರಲ್ಲಿ ಅದು ಇದೆ ಎಂದು ಸರ್ಕಾರ ತಿಳಿಸಿತು. ಒಬ್ಬರು ದಕ್ಷಿಣ ಆಫ್ರಿಕಾದಿಂದ ಬಂದವರು. ಇನ್ನೊಬ್ಬರು ವಿದೇಶಕ್ಕೆ ಹೋದವರೇ ಅಲ್ಲ. ಅಂದರೆ, ವಿಮಾನ ನಿಲ್ಲಿಸುವ ಮಾತು ನಡೆಯುವಾಗಲೇ ಅದು ಊರೊಳಗೆ ಬಂದಾಗಿತ್ತು.

ಡಿಸೆಂಬರ್ 28ರಿಂದ ರಾಜ್ಯದಲ್ಲಿ ರಾತ್ರಿ ಕರ್ಫ್ಯೂ ಬಂತು. ಜನವರಿಯಲ್ಲಿ ಶನಿವಾರ, ಭಾನುವಾರವೂ ಕರ್ಫ್ಯೂ ಹಾಕಿದರು. ಬೆಂಗಳೂರಿನಲ್ಲಿ ಸಣ್ಣ ಮಕ್ಕಳ ತರಗತಿಗಳು ಮತ್ತೆ ಮುಚ್ಚಿದವು. ಆಗ ವಾದ ನಮ್ಮ ಅಂಗಳಕ್ಕೇ ಬಂತು. ತರಕಾರಿ ಮಾರುವವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ದಿನಗೂಲಿಯವರು ಕೇಳಿದರು: “ನೆಗಡಿಗೆ ಹೆದರಿ ನಮ್ಮ ಹೊಟ್ಟೆ ಮೇಲೆ ಹೊಡೆಯೋದಾ?” ಮನೆಯಲ್ಲಿ ವಯಸ್ಸಾದವರು ಇದ್ದವರು ಹೇಳಿದರು: “ಡೆಲ್ಟಾ ಕಾಲದಲ್ಲಿ ಕಂಡದ್ದು ಸಾಲದಾ?” ಇಬ್ಬರ ಮಾತಿನಲ್ಲೂ ಸಂಕಟ ಇತ್ತು. ಅಪಾಯವನ್ನು ದೊಡ್ಡದು ಮಾಡಿ ಹೇಳಿದರೆ ಕೂಲಿ ಹೋಗುತ್ತದೆ, ಮಕ್ಕಳ ಓದು ಹೋಗುತ್ತದೆ. ಚಿಕ್ಕದು ಮಾಡಿ ಹೇಳಿದರೆ ಜೀವ ಹೋಗುತ್ತದೆ. ಅದಕ್ಕೇ ಈ ವಾದ ಬರೀ ಬಾಯಿಮಾತಲ್ಲ.

ಹಾಗಾದರೆ ಯಾರು ಸರಿ? ಬಳಪ ತಗೊಳ್ಳಿ. ಒಂದು ಲೆಕ್ಕ ಮಾಡೋಣ. ಇದು ನಾವೇ ಕಟ್ಟಿದ ಲೆಕ್ಕ, ತಿಳಿಯಲಿ ಅಂತ.

ಒಂದು ಊರಿಗೆ ಹಳೆಯ ಕಾಯಿಲೆ ಬಂತು. ಅದು 1,000 ಜನಕ್ಕೆ ಹರಡಿತು. ಸಾವಿರಕ್ಕೆ 20 ಮಂದಿ ಆಸ್ಪತ್ರೆ ಸೇರಿದರು. ಒಟ್ಟು ಎಷ್ಟು? 20.

ಅದೇ ಊರಿಗೆ ಹೊಸ ಕಾಯಿಲೆ ಬಂತು. ಅದು ಸೌಮ್ಯ. ಸಾವಿರಕ್ಕೆ ಬರೀ 5 ಮಂದಿ ಆಸ್ಪತ್ರೆ ಸೇರುತ್ತಾರೆ. ಆದರೆ ಅದು ಬೇಗ ಹರಡುತ್ತದೆ. 10,000 ಜನಕ್ಕೆ ತಗುಲಿತು. ಈಗ ಎಷ್ಟು? 50.

ಆಸ್ಪತ್ರೆಯಲ್ಲಿ ಇರುವುದು 30 ಹಾಸಿಗೆ. ಹಳೆಯ ಕಾಯಿಲೆಗೆ ಅದು ಸಾಕಾಯಿತು. ಸೌಮ್ಯ ಕಾಯಿಲೆಗೆ ಸಾಲಲಿಲ್ಲ. 20 ಮಂದಿ ಹೊರಗೆ ಉಳಿದರು. ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತಾರಲ್ಲ, ಹಾಗೆ.

ಈಗ ತಿಳಿಯಿತೇ? ಒಬ್ಬರು ಒಂದು ಮೈಯನ್ನು ನೋಡಿ “ಸಣ್ಣದು” ಎಂದರು. ಇನ್ನೊಬ್ಬರು ಇಡೀ ಊರನ್ನು ನೋಡಿ “ದೊಡ್ಡದು” ಎಂದರು. ಇಬ್ಬರೂ ಸುಳ್ಳು ಹೇಳಲಿಲ್ಲ. 2022ರ ಜನವರಿ 6ರಂದು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥ ಟೆಡ್ರೋಸ್ ಅವರೂ ಇದನ್ನೇ ಹೇಳಿದರು. ಓಮಿಕ್ರಾನ್ ಡೆಲ್ಟಾದಷ್ಟು ಉಗ್ರವಾಗಿ ಕಾಣುತ್ತಿಲ್ಲ, ಹಾಗೆಂದು ಅದನ್ನು ಸೌಮ್ಯ ಎನ್ನಬಾರದು, ಅದರಿಂದಲೂ ಜನ ಸಾಯುತ್ತಿದ್ದಾರೆ ಎಂದರು.

ಕೊನೆಗೆ ಏನಾಯಿತು? ಆ ಜನವರಿಯಲ್ಲಿ ನಮ್ಮ ದೇಶದಲ್ಲಿ ದಿನಕ್ಕೆ 3 ಲಕ್ಷಕ್ಕೂ ಹೆಚ್ಚು ಜನಕ್ಕೆ ಸೋಂಕು ಬಂತು. ಆದರೆ ಡೆಲ್ಟಾ ಕಾಲದ ಹಾಗೆ ಆಮ್ಲಜನಕಕ್ಕೆ ಹಾಹಾಕಾರ ಆಗಲಿಲ್ಲ. ಆದರೂ ದಿನಕ್ಕೆ ನೂರಾರು ಜನ ತೀರಿಕೊಂಡರು.

ಯಾಕೆ ಅಷ್ಟರಲ್ಲೇ ಉಳಿಯಿತು? ಎರಡು ಕಾರಣ. ಒಂದು, ಓಮಿಕ್ರಾನ್ ಶ್ವಾಸಕೋಶದ ಆಳಕ್ಕಿಂತ ಮೇಲಿನ ಉಸಿರು ದಾರಿಯಲ್ಲೇ ಹೆಚ್ಚು ಬೆಳೆಯುತ್ತಿತ್ತು. ಎರಡು, ನಮ್ಮ ಮೈ ಮೊದಲೇ ಸಿದ್ಧವಾಗಿತ್ತು. 2021ರ ಜನವರಿ 16ರಿಂದ ಲಸಿಕೆ ಹಾಕುತ್ತಿದ್ದರು. ಆಶಾ ಕಾರ್ಯಕರ್ತೆಯರು ಮನೆಮನೆ ತಿರುಗಿ ಕರೆದಿದ್ದರು. ಬಹಳ ಜನಕ್ಕೆ ಡೆಲ್ಟಾ ಕಾಲದಲ್ಲೇ ಸೋಂಕು ಬಂದು ಹೋಗಿತ್ತು.

ಎರಡನೆಯ ಕಾರಣ ಎಷ್ಟು ದೊಡ್ಡದು ಎಂದು ಹಾಂಗ್‌ಕಾಂಗ್ ತೋರಿಸಿತು. ಅದು ಚೀನಾದ ಅಂಚಿನ ಒಂದು ನಗರ. ಅಲ್ಲಿ 2021ರ ಕೊನೆಯವರೆಗೆ ಕೊರೊನಾದಿಂದ ಸತ್ತವರು ಸುಮಾರು 200 ಮಂದಿ ಮಾತ್ರ. “ನಮ್ಮಲ್ಲಿ ಕಾಯಿಲೆಯೇ ಇಲ್ಲ, ಲಸಿಕೆ ಯಾಕೆ?” ಅಂತ ಅಲ್ಲಿನ ಬಹಳ ಅಜ್ಜ ಅಜ್ಜಿಯರು ಲಸಿಕೆ ಹಾಕಿಸಿಕೊಂಡಿರಲಿಲ್ಲ. 2022ರ ಮೊದಲಲ್ಲಿ ಓಮಿಕ್ರಾನ್ ಬಂತು. ಕೆಲವೇ ತಿಂಗಳಲ್ಲಿ 9,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ವಯಸ್ಸಾದವರು. ಅದೇ ವೈರಸ್ಸು. ಅದೇ “ಬರೀ ನೆಗಡಿ”. ಆದರೆ ಆ ಅಜ್ಜಿಗೆ ಅದು ನೆಗಡಿ ಆಗಿರಲಿಲ್ಲ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೊನಾದ ತುರ್ತು ಪರಿಸ್ಥಿತಿ ಮುಗಿಯಿತು ಎಂದು ಸಾರಿತು. ಆದರೆ ವೈರಸ್ಸು ನಕಲು ಮಾಡುವುದನ್ನು ಬಿಡಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಜೆಎನ್.1 ಎಂಬ ಓಮಿಕ್ರಾನಿನ ಕುಡಿ ಬಂತು. ಕರ್ನಾಟಕದಲ್ಲಿ 60 ದಾಟಿದವರು ಮಾಸ್ಕ್ ಹಾಕಿಕೊಳ್ಳಿ ಎಂದು ಸರ್ಕಾರ ಸಲಹೆ ಕೊಟ್ಟಿತು. ಆಗಲೂ ಅದೇ ವಾದ: ಭಯಪಡಬೇಕೋ, ಬೇಡವೋ? ಮುಂದೆಯೂ ಈ ವಾದ ಬರುತ್ತದೆ. ಕೊರೊನಾ ಅಂತಲೇ ಅಲ್ಲ, ಬೇರೆ ಜ್ವರದ ವಿಷಯದಲ್ಲೂ ಬರುತ್ತದೆ.

ಆಗ ನಾವು ಏನು ಮಾಡೋಣ? ಭಯವೂ ಬೇಡ, ಉಡಾಫೆಯೂ ಬೇಡ. ಮೂರು ಪ್ರಶ್ನೆ ಕೇಳೋಣ.

ಒಂದು: ಯಾರಿಗೆ ಸಣ್ಣದು? ಪ್ರಾಯದವರಿಗೋ, ಮುದುಕರಿಗೋ, ಸಕ್ಕರೆ ಕಾಯಿಲೆ ಇದ್ದವರಿಗೋ, ಬಸುರಿಗೋ?

ಎರಡು: ಎಷ್ಟು ಜನಕ್ಕೆ ಹರಡುತ್ತದೆ?

ಮೂರು: ಇದನ್ನು ಹೇಳಿದವರು ಯಾರು? ಅವರು ಏನನ್ನು ನೋಡಿ ಹೇಳಿದರು?

ಈ ಪ್ರಶ್ನೆಗಳನ್ನು ಆಶಾ ಅಕ್ಕನ ಬಳಿ ಕೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಪತ್ರಿಕೆಯ ದೊಡ್ಡ ಅಕ್ಷರ ಓದಿ ನಿಲ್ಲಬೇಡಿ, ಕೆಳಗಿನ ಸಣ್ಣ ಅಕ್ಷರವನ್ನೂ ಕೂಡಿಸಿ ಓದಿ. ಕೇಳಿದವರು “ಇನ್ನೂ ಗೊತ್ತಾಗಿಲ್ಲ, ಸ್ವಲ್ಪ ದಿನ ಬೇಕು” ಎಂದರೆ, ಅವರನ್ನು ಹೀಯಾಳಿಸಬೇಡಿ. ಅದು ಪ್ರಾಮಾಣಿಕವಾದ ಉತ್ತರ. ಓಮಿಕ್ರಾನ್ ಬಂದಾಗ ವಿಜ್ಞಾನಿಗಳಿಗೂ ವಾರಗಟ್ಟಲೆ ಬೇಕಾಯಿತು.

ಉತ್ತರ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಕೆಮ್ಮು ಜ್ವರ ಇದ್ದವರು ಮನೆಯ ಹಿರಿಯರ ಪಕ್ಕ ಮಲಗಬಾರದು. ಕೆಮ್ಮುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯಬೇಕು. ಕಿಟಕಿ ತೆರೆದು ಗಾಳಿ ಆಡಲು ಬಿಡಬೇಕು. ಯಾರಿಗಾದರೂ ಉಸಿರು ಕಟ್ಟಿದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಇದಕ್ಕೆ ಯಾರ ಕೂಲಿಯೂ ಮುರಿಯಬೇಕಾಗಿಲ್ಲ, ಶಾಲೆಯೂ ಮುಚ್ಚಬೇಕಾಗಿಲ್ಲ.

ಅಕ್ಕಂದಿರೇ, ನಾವು ಅಕ್ಷರ ಕಲಿತದ್ದು ರುಜು ಹಾಕುವುದಕ್ಕೆ ಮಾತ್ರ ಅಲ್ಲ. “ಅಂತೆ ಕಂತೆ” ಕೇಳಿದಾಗ “ಯಾರಿಗೆ? ಎಷ್ಟು? ಹೇಗೆ ಗೊತ್ತು?” ಅಂತ ಕೇಳುವುದಕ್ಕೂ ಕಲಿತಿದ್ದೇವೆ. ಹಾಗೆ ಕೇಳುವ ಒಬ್ಬ ಹೆಂಗಸು ಇದ್ದರೆ ಆ ಮನೆಯ ಅಜ್ಜಿಗೆ ಅದೇ ಕಾವಲು.