ಆ 59 ದಿನ ಅದು ಯಾರ ಕೆಲಸವಾಗಿತ್ತು?



ಎರಡು ದಿನದ ಈ ವಿಚಾರ ಸಂಕಿರಣದಲ್ಲಿ ಹಳತಾದ ತಂತ್ರಾಂಶದ ಬಗ್ಗೆ ಹಲವು ಪ್ರಬಂಧಗಳು ಮಂಡನೆಯಾಗಲಿವೆ. ನಾನು ಒಂದು ಘಟನೆಯನ್ನು ಮಾತ್ರ ನಿಮ್ಮ ಮುಂದಿಡುತ್ತೇನೆ. ನಾವು ಕೇಳಬೇಕಾದ ಪ್ರಶ್ನೆ ಅದರೊಳಗೇ ಇದೆ.

2017ರ ಮೇ 12, ಶುಕ್ರವಾರ. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಕಂಪ್ಯೂಟರುಗಳಲ್ಲಿ ಕಡತಗಳು ಒಂದೊಂದಾಗಿ ಬೀಗ ಹಾಕಿಕೊಂಡವು. ಬಿಡಿಸಿಕೊಳ್ಳಲು 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೊಡಿ ಎಂಬ ಬೇಡಿಕೆ ಪರದೆಯ ಮೇಲೆ ಬಂತು. ವಾನಾಕ್ರೈ ಎಂದು ಹೆಸರಾದ ದಾಳಿ ಇದು. ಅಲ್ಲಿ ಆಸ್ಪತ್ರೆ ಮೊದಲಾದ ಸೇವೆಗಳನ್ನು ನಡೆಸುವ 236 ಟ್ರಸ್ಟ್‌ಗಳಲ್ಲಿ ಸುಮಾರು 80ಕ್ಕೆ ಇದರ ಬಿಸಿ ತಟ್ಟಿತು. ಕೆಲವು ಕಡೆ ಆಂಬುಲೆನ್ಸ್‌ಗಳು ಬೇರೆ ಆಸ್ಪತ್ರೆಗಳಿಗೆ ತಿರುಗಬೇಕಾಯಿತು. ರದ್ದಾದ ಅಪಾಯಿಂಟ್‌ಮೆಂಟ್‌ಗಳು 19,000 ದಾಟಿದವೆಂದು ಆಮೇಲೆ ಅಂದಾಜಾಯಿತು. ಅವುಗಳಲ್ಲಿ ಶಸ್ತ್ರಚಿಕಿತ್ಸೆಗಳೂ ಇದ್ದವು.

ಈ ದಾಳಿ ನುಗ್ಗಿದ ಕಿಂಡಿಯನ್ನು ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ ಅದೇ ವರ್ಷ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ಎಂದರೆ 59 ದಿನ ಮೊದಲು. ಎನ್‌ಎಚ್‌ಎಸ್‌ನ ಡಿಜಿಟಲ್ ವಿಭಾಗ ಟ್ರಸ್ಟ್‌ಗಳಿಗೆ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಎಚ್ಚರಿಕೆಯನ್ನೂ ಕಳಿಸಿತ್ತು. ತಪ್ಪೆಲ್ಲ ಮುದಿ ವಿಂಡೋಸ್ ಎಕ್ಸ್‌ಪಿಯದು ಎಂದು ಆಗ ಪತ್ರಿಕೆಗಳು ಬರೆದವು. ತನಿಖೆಯಲ್ಲಿ ಕಂಡದ್ದು ಬೇರೆ. ಸೋಂಕು ತಗುಲಿದ ಯಂತ್ರಗಳಲ್ಲಿ ಹೆಚ್ಚಿನವು ವಿಂಡೋಸ್ 7 ಬಳಸುತ್ತಿದ್ದವು. ಅದಕ್ಕೆ ಆಗ ಬೆಂಬಲ ಇತ್ತು, ಪ್ಯಾಚ್ ಉಚಿತವಾಗಿ ಸಿಗುತ್ತಿತ್ತು. ಹಾಕಿರಲಿಲ್ಲ, ಅಷ್ಟೇ.

ಏಕೆ ಹಾಕಿರಲಿಲ್ಲ? ಸೋಮಾರಿತನ ಎಂದುಬಿಡುವುದು ಸುಲಭ. ನಾನು ಒಪ್ಪುವುದಿಲ್ಲ. ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರದ ಕಂಪ್ಯೂಟರನ್ನು ಮಾರಿದ ಕಂಪನಿಯೇ ಮುಟ್ಟಬೇಕು, ಸಿಬ್ಬಂದಿ ಮುಟ್ಟುವಂತಿಲ್ಲ. ಅಪ್‌ಡೇಟ್ ಹಾಕಿ ಪ್ರಯೋಗಾಲಯದ ತಂತ್ರಾಂಶ ನಿಂತುಹೋದರೆ ಬೈಸಿಕೊಳ್ಳುವವರು ಕಂಪ್ಯೂಟರುಗಳ ಉಸ್ತುವಾರಿ ಹೊತ್ತ ನೀವು. ಹಾಕದೆ ಬಿಟ್ಟು ಏನೂ ಆಗದಿದ್ದರೆ ಯಾರೂ ಕೇಳುವುದಿಲ್ಲ. ಎಚ್ಚರಿಕೆ ಕಳಿಸಿದವರಿಗೆ ಅದನ್ನು ಪಾಲಿಸಿ ಎಂದು ಕಡ್ಡಾಯ ಮಾಡುವ ಅಧಿಕಾರ ಇರಲಿಲ್ಲ. ದಾಳಿಗೆ ಮುನ್ನ 88 ಟ್ರಸ್ಟ್‌ಗಳಲ್ಲಿ ಸ್ಥಳ ಪರಿಶೀಲನೆ ನಡೆದಿತ್ತು, ಒಂದೂ ತೇರ್ಗಡೆಯಾಗಿರಲಿಲ್ಲ. ಆದರೂ ಮುಂದಿನ ಹೆಜ್ಜೆ ಇಡುವ ಹೊಣೆ ಯಾರ ಹೆಸರಿನಲ್ಲೂ ಇರಲಿಲ್ಲ.

ಇಲ್ಲಿ ಪ್ಯಾಚ್‌ನ ಒಂದು ಗುಣವನ್ನು ಹೇಳಲೇಬೇಕು. ಪ್ಯಾಚ್ ಹೊರಬಿದ್ದ ದಿನ ದೋಷ ಎಲ್ಲಿದೆ ಎಂಬುದೂ ಬಯಲಾಗುತ್ತದೆ. ಹಳೆಯ ಕಡತವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದರೆ ಏನು ಬದಲಾಗಿದೆ ಎಂಬುದು ಬಲ್ಲವರಿಗೆ ಕಾಣುತ್ತದೆ. ಹಾಗಾಗಿ ಬಿಡುಗಡೆಯಾದ ಪ್ಯಾಚನ್ನು ಹಾಕದ ಯಂತ್ರಕ್ಕೆ ಮೊದಲಿಗಿಂತ ಹೆಚ್ಚು ಅಪಾಯ. ವಾನಾಕ್ರೈ ವಿಷಯದಲ್ಲಿ ಆ ಶ್ರಮವೂ ಬೇಕಾಗಲಿಲ್ಲ. ಅಮೆರಿಕದ ಗೂಢಚರ್ಯೆ ಸಂಸ್ಥೆ ಎನ್‌ಎಸ್‌ಎ ಬಳಿಯಿದ್ದದ್ದೆಂದು ಹೇಳಲಾದ ದಾಳಿಯ ಸಾಧನವೇ ಏಪ್ರಿಲ್ 14ರಂದು ಅಂತರ್ಜಾಲಕ್ಕೆ ಸೋರಿಕೆಯಾಯಿತು. ಅಲ್ಲಿಂದ ಮುಂದಕ್ಕೆ ತಡಮಾಡಿದ ಒಂದೊಂದು ದಿನವೂ ಅಪಾಯದ್ದೇ.

ಅಪ್‌ಡೇಟ್‌ಗೆ ಹೆದರುವವರ ಭಯ ಸುಳ್ಳಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ದೋಷಪೂರಿತ ಅಪ್‌ಡೇಟ್ ಸುಮಾರು 85 ಲಕ್ಷ ಕಂಪ್ಯೂಟರುಗಳನ್ನು ಕೆಡವಿತು. ಬೆಂಗಳೂರು ಸೇರಿದಂತೆ ಹಲವು ವಿಮಾನ ನಿಲ್ದಾಣಗಳಲ್ಲಿ ಸರತಿ ಸಾಲುಗಳು ಬೆಳೆದವು. ಇದರಿಂದ ಕಲಿಯಬೇಕಾದದ್ದು ಅಪ್‌ಡೇಟ್ ಬೇಡ ಎಂದಲ್ಲ. ಮೊದಲು ನಾಲ್ಕಾರು ಯಂತ್ರಗಳಿಗೆ ಹಾಕಿ, ನೋಡಿ, ಆಮೇಲೆ ಉಳಿದವಕ್ಕೆ ಹಾಕಬೇಕು. ಹಾಗೆ ಮಾಡಲು ಜನ ಬೇಕು, ಸಮಯ ಬೇಕು, ಹಣ ಬೇಕು.

ನಮ್ಮಲ್ಲಿ ಕೊರತೆ ಇರುವುದು ಅಲ್ಲಿಯೇ. ಟೆಂಡರ್ ಕರೆದು ನೂರು ಕಂಪ್ಯೂಟರ್ ಕೊಳ್ಳುತ್ತೇವೆ, ಪೂಜೆ ಮಾಡಿ ಉದ್ಘಾಟಿಸುತ್ತೇವೆ. ವಾರ್ಷಿಕ ನಿರ್ವಹಣೆಯ ಕರಾರಿನಲ್ಲಿ (ಎಎಂಸಿ) ಕೀಬೋರ್ಡು, ಮೌಸು, ಪ್ರಿಂಟರಿನ ರಿಪೇರಿ ಇರುತ್ತದೆ. ತಿಂಗಳಿಗೊಮ್ಮೆ ಎಲ್ಲ ಯಂತ್ರಗಳಿಗೂ ಪ್ಯಾಚ್ ಹೋಗಿದೆಯೇ ಎಂದು ನೋಡುವ ಸಾಲು ಎಷ್ಟು ಕರಾರುಗಳಲ್ಲಿದೆ? ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುತ್ತಾರೆ. ಸೋರಿಲ್ಲವಲ್ಲ ಎಂದು ಯಾರೂ ಆ ವರ್ಷದ ಖರ್ಚನ್ನು ಕೈಬಿಡುವುದಿಲ್ಲ.

ಹಳೆಯ ಯಂತ್ರಗಳು ಹಾಗೇ ಉಳಿಯಲು ಕರ್ನಾಟಕಕ್ಕೇ ಸೇರಿದ ಇನ್ನೊಂದು ಕಾರಣವಿದೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ನಡಾವಳಿ, ಸುತ್ತೋಲೆ, ಪಟ್ಟಿಗಳು ಹೊಸ ಯಂತ್ರದಲ್ಲಿ ಚೆಲ್ಲಾಪಿಲ್ಲಿಯಾದಾವು ಎಂಬ ಅಂಜಿಕೆಯಿಂದ ಮೂಲೆಯ ಹಳೇ ಕಂಪ್ಯೂಟರನ್ನು ಹಾಗೇ ಇಟ್ಟುಕೊಂಡಿರುತ್ತೇವೆ. ಅದು ಕಚೇರಿಯ ನೆಟ್‌ವರ್ಕಿಗೂ ಸೇರಿರುತ್ತದೆ. ಆ ಕಡತಗಳನ್ನು ಯೂನಿಕೋಡ್‌ಗೆ ತರುವುದನ್ನು ನಾವು ಭಾಷೆಯ ಕೆಲಸ ಎಂದುಕೊಂಡಿದ್ದೇವೆ. ಅದು ಸುರಕ್ಷತೆಯ ಕೆಲಸವೂ ಹೌದು. ಮಾರ್ಪಡಿಸುವ ಸಾಧನಗಳು ಸಿದ್ಧವಾಗಿವೆ. ತಿದ್ದಿ ನೋಡುವ ಕಣ್ಣುಗಳು ಬೇಕು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ವಿಂಡೋಸ್ 11 ಹತ್ತದ ಹಳೆಯ ಯಂತ್ರಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವನ್ನು ಬದಲಿಸಬೇಕೆ, ಲಿನಕ್ಸ್‌ಗೆ ತರಬೇಕೆ, ನೆಟ್‌ವರ್ಕಿನಿಂದ ಬೇರ್ಪಡಿಸಬೇಕೆ ಎಂಬುದು ಚರ್ಚೆಯಾಗಲಿ. ಹಣವಿಲ್ಲದ ತಾಲ್ಲೂಕು ಆಸ್ಪತ್ರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಚರ್ಚೆಯಾಗಲಿ.

ಈ ಸಂಕಿರಣದಿಂದ ನಾನು ಬಯಸುವುದು ಒಂದು ಪುಟದ ಕರಡು. ಯಾವುದೇ ಕಚೇರಿ ತನ್ನ ಮುಂದಿನ ಎಎಂಸಿಗೆ ನೇರವಾಗಿ ಸೇರಿಸಿಕೊಳ್ಳಬಹುದಾದ ಷರತ್ತುಗಳು ಅದರಲ್ಲಿರಲಿ: ಯಾವ ಯಂತ್ರ ಎಲ್ಲಿದೆ ಎಂಬ ಪಟ್ಟಿ, ಗಂಭೀರ ಪ್ಯಾಚ್ ಬಂದರೆ ಎಷ್ಟು ದಿನದೊಳಗೆ ಹಾಕಬೇಕು, ಹಾಕಲಾಗದಿದ್ದರೆ ಯಾರು ಸಹಿ ಮಾಡಿ ಕಾರಣ ಬರೆಯಬೇಕು. ನಾಳೆ ಸಂಜೆಯ ಸಮಾರೋಪಕ್ಕೆ ಮುಂಚೆ ಅದನ್ನು ಸಿದ್ಧಪಡಿಸಿಕೊಡಿ ಎಂದು ಕೇಳುತ್ತ, ಮೊದಲ ಗೋಷ್ಠಿಗೆ ಅನುವು ಮಾಡಿಕೊಡುತ್ತೇನೆ.